ಎರಡು ವಜ್ರ, ಎರಡು ಸರ್ಟಿಫಿಕೇಟ್: ಯಾವ ಸಾಲನ್ನು ಮೊದಲು ಓದಬೇಕು?

ಓದುಗರ ಪ್ರಶ್ನೆ: ಉಂಗುರಕ್ಕೆ ಒಂದು ವಜ್ರ ತೆಗೆದುಕೊಳ್ಳಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಟ್ಟಿದ್ದೇನೆ. ಈಗ ಎರಡು ದುಂಡು ಕಲ್ಲು ಕಣ್ಣ ಮುಂದಿವೆ. ಬೆಲೆ ಹೆಚ್ಚುಕಡಿಮೆ ಒಂದೇ. ಮೊದಲನೆಯದು 1.00 ಕ್ಯಾರೆಟ್, ಬಣ್ಣ ಜಿ, ಕ್ಲಾರಿಟಿ ಎಸ್‌ಐ1, ಕಟ್ ಗುಡ್, ಫ್ಲೋರೆಸೆನ್ಸ್ ಸ್ಟ್ರಾಂಗ್ ಬ್ಲೂ. ಎರಡನೆಯದು 0.91 ಕ್ಯಾರೆಟ್, ಬಣ್ಣ ಎಚ್, ಕ್ಲಾರಿಟಿ ವಿಎಸ್2, ಕಟ್ ಎಕ್ಸಲೆಂಟ್, ಫ್ಲೋರೆಸೆನ್ಸ್ ಇಲ್ಲ. ಎರಡಕ್ಕೂ ಸರ್ಟಿಫಿಕೇಟ್ ಇದೆ, ಆದರೆ ಬೇರೆ ಬೇರೆ ಲ್ಯಾಬಿನದು. ಮನೆಯವರೆಲ್ಲ ಮೊದಲನೆಯದನ್ನೇ ತಗೋ ಅನ್ನುತ್ತಿದ್ದಾರೆ. ಪೂರ್ತಿ ಒಂದು ಕ್ಯಾರೆಟ್, ಬಣ್ಣವೂ ಒಂದು ಮೆಟ್ಟಿಲು ಮೇಲೆ. ಸಾಲದ್ದಕ್ಕೆ ಅದರ ಸರ್ಟಿಫಿಕೇಟಿನ ಚಿತ್ರದಲ್ಲಿ ಎರಡೇ ಎರಡು ಚುಕ್ಕೆ ಇವೆ. ಎರಡನೆಯದರ ಚಿತ್ರದಲ್ಲಿ ಏಳೆಂಟು ಕೆಂಪು ಗುರುತುಗಳಿವೆ. ಇದರ ನಡುವೆ ಸ್ನೇಹಿತರೊಬ್ಬರು 1.50 ಕ್ಯಾರೆಟ್, ಡಿ, ವಿವಿಎಸ್1 ಅಂತ ಬರೆದ ಸರ್ಟಿಫಿಕೇಟ್ ತೋರಿಸಿದರು. ಅದರ ಬೆಲೆ ಈ ಎರಡಕ್ಕಿಂತಲೂ ತುಂಬಾ ಕಡಿಮೆ. ಅದು ನಕಲಿ ಸರ್ಟಿಫಿಕೇಟಾ? ನಾನು ಯಾವುದನ್ನು ನಂಬಲಿ? ಕೊನೆಗೆ ಒಂದು ಸಣ್ಣ ಪ್ರಶ್ನೆ: ಕೊಂಡ ಮೇಲೆ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಬಹುದಾ?

ಉತ್ತರ: ಎರಡು ವರ್ಷ ಕೂಡಿಟ್ಟ ದುಡ್ಡು. ಆ ಹಾಳೆ ಮುಂದಿಟ್ಟುಕೊಂಡು ನಿಮಗೆ ನಿದ್ದೆ ಬಾರದಿದ್ದರೆ ಆಶ್ಚರ್ಯವಿಲ್ಲ. ನಿಮ್ಮ ಗೊಂದಲವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ದೊಡ್ಡ ಅಕ್ಷರದ ಸಾಲುಗಳು ಒಂದು ಕಲ್ಲಿನ ಕಡೆ ಕೈ ತೋರಿಸುತ್ತಿವೆ, ಆದರೆ ಬೆಲೆ ಎರಡಕ್ಕೂ ಒಂದೇ ಇದೆ. ಹಾಗಾದರೆ ಏನೋ ಒಂದು ನಿಮ್ಮ ಕಣ್ಣಿಗೆ ಬೀಳುತ್ತಿಲ್ಲ ಅನ್ನುವ ಅನುಮಾನ. ನಿಮ್ಮ ಅನುಮಾನ ಸರಿಯಾಗಿದೆ. ಕಣ್ಣಿಗೆ ಬೀಳದ ಆ ಸಂಗತಿ ಅದೇ ಹಾಳೆಯಲ್ಲಿ ಇದೆ. ಸಣ್ಣ ಅಕ್ಷರದಲ್ಲಿದೆ, ಅಷ್ಟೆ.

ಮೊದಲು ಹೆಸರಿನ ವಿಷಯ. ನಾವೆಲ್ಲ ಸರ್ಟಿಫಿಕೇಟ್ ಅಂತೀವಿ. ಆದರೆ 1931ರಲ್ಲಿ ಶುರುವಾದ, ವಜ್ರ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಜಿಐಎ ತನ್ನ ಹಾಳೆಯನ್ನು ಗ್ರೇಡಿಂಗ್ ರಿಪೋರ್ಟ್ ಅಂತಲೇ ಕರೆಯುತ್ತದೆ. ಇದು ಬರೀ ಪದದ ವ್ಯತ್ಯಾಸ ಅಲ್ಲ. ರಿಪೋರ್ಟ್ ಅಂದರೆ, ಆ ದಿನ, ಆ ಬೆಳಕಿನಲ್ಲಿ, ಪಳಗಿದ ಕಣ್ಣುಗಳು ಆ ಕಲ್ಲನ್ನು ನೋಡಿ ಬರೆದ ವಿವರ. ಅದರಲ್ಲಿ ಬೆಲೆ ಇರುವುದಿಲ್ಲ. ಮುಂದೆ ಮಾರಿದರೆ ಇಷ್ಟು ಸಿಗುತ್ತದೆ ಅನ್ನುವ ಭರವಸೆಯೂ ಇಲ್ಲ. ತೂಕ ಮತ್ತು ಅಳತೆಗಳನ್ನು ಯಂತ್ರ ಕೊಡುತ್ತದೆ. ಬಣ್ಣ ಮತ್ತು ಕ್ಲಾರಿಟಿ, ಅಂದರೆ ಕಲ್ಲಿನ ಸ್ವಚ್ಛತೆ, ಇವುಗಳ ವಿಷಯದಲ್ಲಿ ಕೊನೆಗೂ ಮನುಷ್ಯರ ಕಣ್ಣಿನ ತೀರ್ಮಾನ ಸೇರಿರುತ್ತದೆ.

ಬಣ್ಣ ನೋಡುವ ಕೆಲಸ ಹೇಗಿರುತ್ತದೆ ಅಂತ ಹೇಳ್ತೀನಿ. ಕಲ್ಲನ್ನು ಚೆನ್ನಾಗಿ ಒರೆಸಿ, ತಲೆಕೆಳಗಾಗಿ, ಅಂದರೆ ಚಪ್ಪಟೆ ಮುಖ ಕೆಳಗೆ ಮಾಡಿ, ಬಿಳಿ ತಟ್ಟೆಯಲ್ಲಿ ಇಡುತ್ತೇವೆ. ಪಕ್ಕದಲ್ಲಿ ಬಣ್ಣ ಮೊದಲೇ ಗೊತ್ತಿರುವ ಮಾದರಿ ಕಲ್ಲು. ಎಡಕ್ಕೆ ಇಟ್ಟು ಒಮ್ಮೆ, ಬಲಕ್ಕೆ ಇಟ್ಟು ಒಮ್ಮೆ ಹೋಲಿಸುತ್ತೇವೆ. ಜಿ ಮತ್ತು ಎಚ್ ನಡುವಿನ ಅಂತರ ಎಷ್ಟು ತೆಳು ಅಂದರೆ, ಎಡಬಲ ಬದಲಿಸಿದಾಗ ಒಮ್ಮೊಮ್ಮೆ ಮನಸ್ಸೂ ಬದಲಾಗುತ್ತದೆ. ಹಾಗಾಗಿಯೇ ಒಳ್ಳೆಯ ಲ್ಯಾಬಿನಲ್ಲಿ ಒಬ್ಬರಿಗಿಂತ ಜಾಸ್ತಿ ಜನ, ಇನ್ನೊಬ್ಬರ ಉತ್ತರ ನೋಡದೆ, ಅದೇ ಕಲ್ಲನ್ನು ನೋಡುತ್ತಾರೆ. ಕಲ್ಲು ಯಾರದ್ದು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಇಷ್ಟೆಲ್ಲ ಮಾಡಿದರೂ ಗಡಿಯ ಮೇಲಿರುವ ಕಲ್ಲು ಇವತ್ತು ಜಿ, ಇನ್ನೊಂದು ಸಲ ಕಳಿಸಿದರೆ ಎಚ್ ಆಗಬಹುದು. ಅದು ಮೋಸ ಅಲ್ಲ. ಅಳತೆಯ ಮಿತಿಯೇ ಅಷ್ಟು.

ಇಲ್ಲೇ ನಿಮ್ಮ ಎರಡು ಲ್ಯಾಬುಗಳ ಪ್ರಶ್ನೆ ಬರುತ್ತದೆ. ಬಣ್ಣಕ್ಕೆ ಡಿಯಿಂದ (ಬಣ್ಣವೇ ಇಲ್ಲದ್ದು) ಜೆಡ್‌ವರೆಗಿನ (ಹಳದಿ ಛಾಯೆಯದು) ಅಕ್ಷರಗಳನ್ನು ಹೆಚ್ಚಿನ ಲ್ಯಾಬುಗಳು ಬಳಸುತ್ತವೆ. ಆದರೆ ಎಲ್ಲರ ಕೈಯೂ ಒಂದೇ ಸಮ ಬಿಗಿ ಇರುವುದಿಲ್ಲ. ಒಂದು ಕಡೆ ಜಿ ಅಂತ ಬರೆದದ್ದನ್ನು ಇನ್ನೊಂದು ಕಡೆ ಎಚ್ ಅಥವಾ ಐ ಅಂತ ಬರೆಯಬಹುದು. ನನ್ನ ಮೇಜಿನ ಮೇಲೆ ಅಂಥ ಎಷ್ಟೋ ಕಲ್ಲುಗಳು ಬಂದುಹೋಗಿವೆ. ಆದ್ದರಿಂದ ಬೇರೆ ಬೇರೆ ಲ್ಯಾಬಿನ ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು "ಜಿ ಮೇಲೆ, ಎಚ್ ಕೆಳಗೆ" ಅಂತ ತೀರ್ಮಾನ ಮಾಡಬೇಡಿ. ಕಲ್ಲುಗಳನ್ನೇ ಪಕ್ಕಪಕ್ಕ ಇಡಬೇಕು. ಉಂಗುರದಲ್ಲಿ ಕೂತ ಮೇಲಂತೂ ಈ ಒಂದು ಮೆಟ್ಟಿಲಿನ ವ್ಯತ್ಯಾಸ ಬರಿಗಣ್ಣಿಗೆ ತಿಳಿಯುವುದು ಬಹಳ ಕಷ್ಟ. ಮನೆಯವರ ವಾದದಲ್ಲಿ ಬಣ್ಣದ ಭಾಗವನ್ನು ಪಕ್ಕಕ್ಕಿಡಿ.

ಈಗ ಒಂದು ಕ್ಯಾರೆಟ್ ವಿಷಯ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ಜೀವ ಇರುವುದೇ ಇಲ್ಲಿ.

ಕ್ಯಾರೆಟ್ ಅನ್ನುವುದು ತೂಕ, ಗಾತ್ರ ಅಲ್ಲ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ನೀವು ಕಳಿಸಿದ ಫೋಟೋದಲ್ಲಿ ಅಳತೆಯ ಸಾಲು ನೋಡಿ. ಮೊದಲ ಕಲ್ಲು 6.22 – 6.26 × 4.03 ಮಿಲಿಮೀಟರ್. ಎರಡನೆಯದು 6.22 – 6.25 × 3.84. ಮೊದಲ ಎರಡು ಅಂಕಿ ಅಂದರೆ ಮೇಲಿನಿಂದ ನೋಡಿದಾಗ ಕಾಣುವ ಅಗಲ, ಕೊನೆಯದು ಆಳ. ಎರಡೂ ಹತ್ತಿರ ಹತ್ತಿರ ಒಂದೇ! ಬೆರಳಿನ ಮೇಲೆ ಈ ಎರಡು ಕಲ್ಲಿನ ಗಾತ್ರದಲ್ಲಿ ವ್ಯತ್ಯಾಸ ಹುಡುಕಲು ಯಾರಿಂದಲೂ ಆಗುವುದಿಲ್ಲ. ಹಾಗಾದರೆ ಜಾಸ್ತಿ ಇರುವ 0.09 ಕ್ಯಾರೆಟ್ ಎಲ್ಲಿ ಹೋಯ್ತು? ಹೊಟ್ಟೆಯಲ್ಲಿ ಮತ್ತು ಸೊಂಟದಲ್ಲಿ ಕೂತಿದೆ. ಮೊದಲ ಕಲ್ಲಿನ ಆಳ ಅದರ ಅಗಲದ 64.6 ಶೇಕಡಾ, ಗರ್ಡಲ್ ಅಂದರೆ ಸೊಂಟದ ಪಟ್ಟಿ "ಥಿಕ್" ಅಂತ ಬರೆದಿದೆ. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರೆಟ್‌ನ ದುಂಡು ವಜ್ರ ಸಾಮಾನ್ಯವಾಗಿ 6.4ರಿಂದ 6.5 ಮಿಲಿಮೀಟರ್ ಅಗಲ ಇರುತ್ತದೆ. ನಿಮ್ಮದು ಅಷ್ಟಿಲ್ಲ.

ಹೀಗೆ ಯಾಕೆ ಕತ್ತರಿಸುತ್ತಾರೆ? ಕತ್ತರಿಸುವವರಿಗೆ ಕೆಲಸ ಗೊತ್ತಿಲ್ಲ ಅಂತಲ್ಲ. ದುಂಡು ಆಕಾರ ತೆಗೆಯುವಾಗ ಒರಟು ಕಲ್ಲಿನ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಪುಡಿಯಾಗಿ ಹೋಗುತ್ತದೆ. ಉಳಿದ ಕಲ್ಲು ಒಂದು ಕ್ಯಾರೆಟ್ ಗೆರೆ ದಾಟಿದರೆ ಕ್ಯಾರೆಟ್ಟಿಗೆ ಸಿಗುವ ಬೆಲೆಯೇ ಮೇಲಿನ ಪಟ್ಟಿಗೆ ಹೋಗುತ್ತದೆ. ಹಾಗಾಗಿ ಒಂಚೂರು ಹೊಟ್ಟೆ ಬಿಟ್ಟು, ಒಂಚೂರು ಸೊಂಟ ದಪ್ಪ ಬಿಟ್ಟು, 1.00 ಮುಟ್ಟಿಸುತ್ತಾರೆ. ಈ ಗೆರೆಯ ವಿಷಯದಲ್ಲಿ ಲ್ಯಾಬುಗಳು ಎಷ್ಟು ಬಿಗಿ ಅಂದರೆ, ಜಿಐಎಯಲ್ಲಿ ತೂಕ 0.998 ಬಂದರೆ ರಿಪೋರ್ಟಿನಲ್ಲಿ 0.99 ಅಂತಲೇ ಬರೆಯುತ್ತಾರೆ. 0.999 ಬಂದರೆ ಮಾತ್ರ 1.00. ಸರಿಯಾಗಿ 1.00 ಅಂತ ಬರೆದ ಯಾವ ರಿಪೋರ್ಟ್ ಕೈಗೆ ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಆಳ ಮತ್ತು ಗರ್ಡಲ್ ಸಾಲಿಗೆ. ನೀವೂ ಈ ಅಭ್ಯಾಸ ಮಾಡಿಕೊಳ್ಳಿ.

ತೂಕ ಅಡಗಿ ಕೂತಿದ್ದರೆ ಅಷ್ಟೇ ಅಲ್ವಾ, ಅಂತ ಬಿಡುವ ಹಾಗಿಲ್ಲ. ಹೊಳಪಿಗೂ ಪೆಟ್ಟು ಬೀಳುತ್ತದೆ. ವಜ್ರದ ಕೆಳಭಾಗಕ್ಕೆ ಪೆವಿಲಿಯನ್ ಅಂತ ಹೆಸರು. ಅದು ಕನ್ನಡಿಯ ಹಾಗೆ ಕೆಲಸ ಮಾಡಬೇಕು. ಮೇಲಿನಿಂದ ಬಂದ ಬೆಳಕು ಒಂದು ಗೋಡೆಗೆ ತಾಗಿ, ಎದುರು ಗೋಡೆಗೆ ಹಾರಿ, ಮತ್ತೆ ಮೇಲಕ್ಕೇ ನಿಮ್ಮ ಕಣ್ಣಿಗೆ ಬರಬೇಕು. ಕೋನ ತಪ್ಪಿದರೆ ಬೆಳಕಿನ ಒಂದು ಪಾಲು ಕೆಳಗಿನಿಂದ ಸೋರಿಹೋಗುತ್ತದೆ. ನಿಮ್ಮ ಎರಡನೆಯ ಕಲ್ಲಿನ ಪೆವಿಲಿಯನ್ ಕೋನ 40.8 ಡಿಗ್ರಿ, ಮೇಲ್ಭಾಗದ ಕ್ರೌನ್ ಕೋನ 34.5. ಈ ಜೋಡಿ ಬೆಳಕನ್ನು ಚೆನ್ನಾಗಿ ವಾಪಸ್ ಕಳಿಸುತ್ತದೆ. ಮೊದಲ ಕಲ್ಲಿನದು 41.8 ಮತ್ತು 36. ಒಂದು ಡಿಗ್ರಿ ಏನು ಮಹಾ ಅನ್ನಿಸಬಹುದು. ಆದರೆ ಪೆವಿಲಿಯನ್ನಿನಲ್ಲಿ ಒಂದು ಡಿಗ್ರಿ ಅಂದರೆ ದೊಡ್ಡದು. ಅದರ ಮೇಲೆ ಕ್ರೌನ್ ಕೂಡ ಎತ್ತರ ಇದೆ, ಅಂದರೆ ಎರಡೂ ತಪ್ಪು ಒಂದೇ ದಿಕ್ಕಿಗೆ ಎಳೆಯುತ್ತಿವೆ. ಇಂಥ ಕಲ್ಲಿನ ನಡುಭಾಗ ಸಾಮಾನ್ಯ ಮನೆಯ ಬೆಳಕಿನಲ್ಲಿ ಸ್ವಲ್ಪ ಕಪ್ಪಾಗಿ ಕಾಣುವ ಸಾಧ್ಯತೆ ಇದೆ. ಅಂಗಡಿಯ ಜೋರು ಬೆಳಕಿನ ಕೆಳಗೆ ಎಲ್ಲ ಕಲ್ಲೂ ಮಿನುಗುತ್ತವೆ. ಅಲ್ಲಿಂದ ಎದ್ದು ಕಿಟಕಿಯ ಹತ್ತಿರ ಹೋಗಿ, ಕೈ ನೆರಳಿನಲ್ಲಿ ಎರಡನ್ನೂ ನೋಡಿ. ಯಾರನ್ನೂ ಕೇಳಬೇಕಾಗಿಲ್ಲ, ನಿಮ್ಮ ಕಣ್ಣಿಗೇ ಗೊತ್ತಾಗುತ್ತದೆ.

ಇನ್ನು ಆ ಚಿತ್ರ. "ಎರಡೇ ಚುಕ್ಕೆ ಇವೆ, ಹಾಗಾಗಿ ಸ್ವಚ್ಛ" ಅನ್ನುವುದು ನಾನು ಅತಿ ಹೆಚ್ಚು ಕೇಳುವ ತಪ್ಪು ತಿಳಿವಳಿಕೆ. ಚಿತ್ರದಲ್ಲಿ ಕೆಂಪು ಗುರುತು ಅಂದರೆ ಒಳಗಿನ ದೋಷ, ಹಸಿರು ಅಂದರೆ ಮೇಲ್ಮೈಯ ಗೀರು ಮುಂತಾದ್ದು. ಅದು ಒಂದು ನಕ್ಷೆ. ಯಾವ ಜಾಗದಲ್ಲಿ ಏನಿದೆ ಅಂತ ಹೇಳುತ್ತದೆ, ಎಷ್ಟು ಎದ್ದು ಕಾಣುತ್ತದೆ ಅಂತ ಹೇಳುವುದಿಲ್ಲ. ಎರಡನೆಯ ಕಲ್ಲಿನ ಏಳೆಂಟು ಗುರುತುಗಳು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲೂ ಸಣ್ಣ ಸಣ್ಣ ಹರಳು ಚೂರುಗಳು ಮಾತ್ರ. ಎಲ್ಲ ಸೇರಿಸಿ ನೋಡಿಯೇ ವಿಎಸ್2 ಕೊಟ್ಟಿದ್ದಾರೆ. ಬರಿಗಣ್ಣಿಗೆ ಅವು ಸಾಮಾನ್ಯವಾಗಿ ಕಾಣುವುದಿಲ್ಲ. ಮೊದಲ ಕಲ್ಲಿಗೆ ಎರಡೇ ಚುಕ್ಕೆ ಇದ್ದರೂ ಅದಕ್ಕಿಂತ ಕೆಳಗಿನ ಗ್ರೇಡ್ ಎಸ್‌ಐ1 ಬಂದಿದೆ. ಯಾಕೆ?

ಹಾಳೆಯ ಕೆಳಗೆ ಷರಾ ಅಂತ ಒಂದು ಸಾಲಿದೆ, ಓದಿದಿರಾ? "ಕ್ಲಾರಿಟಿ ಗ್ರೇಡ್‌ಗೆ ಕಾರಣವಾದ ಕ್ಲೌಡ್‌ಗಳನ್ನು ಚಿತ್ರದಲ್ಲಿ ತೋರಿಸಿಲ್ಲ" ಅನ್ನುವ ಅರ್ಥದ ಸಾಲು. ಕ್ಲೌಡ್ ಅಂದರೆ ಕಣ್ಣಿಗೆ ಒಂದೊಂದಾಗಿ ಸಿಗದಷ್ಟು ಸಣ್ಣ ಚುಕ್ಕೆಗಳ ಗುಂಪು, ಮಂಜಿನ ಹಾಗೆ. ಅದು ಕಲ್ಲಿನ ತುಂಬ ಹರಡಿದ್ದರೆ ಬರೆಯಲು ಹೋದಾಗ ಚಿತ್ರವೆಲ್ಲ ಕೆಂಪಾಗಿಬಿಡುತ್ತದೆ. ಅದಕ್ಕೇ ಬರೆಯದೆ ಬಿಟ್ಟು, ಷರಾದಲ್ಲಿ ಹೇಳುತ್ತಾರೆ. ಅಂದರೆ ಚಿತ್ರ ಖಾಲಿ ಇರುವುದಕ್ಕೆ ಕಾರಣ ಸ್ವಚ್ಛತೆ ಅಲ್ಲ. "ಇನ್ನೂ ಕೆಲವು ಕ್ಲೌಡ್‌ಗಳನ್ನು ತೋರಿಸಿಲ್ಲ" ಅಂತ ಮಾತ್ರ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ತುಂಬಾ ರಿಪೋರ್ಟುಗಳಲ್ಲಿ ಇರುತ್ತದೆ. ಗ್ರೇಡಿಗೇ ಕ್ಲೌಡ್ ಕಾರಣ ಅಂತ ಬರೆದಿದ್ದು, ಗ್ರೇಡ್ ಎಸ್‌ಐ ಆಗಿದ್ದರೆ ಮಾತ್ರ ಕಲ್ಲನ್ನು ಕೈಯಲ್ಲಿ ಹಿಡಿದು ನೋಡದೆ ಮುಂದಿನ ಮಾತೇ ಬೇಡ. ಕೆಲವು ಕಲ್ಲು ಚೆನ್ನಾಗಿಯೇ ಇರುತ್ತವೆ. ಕೆಲವು ಹಾಲು ಬೆರೆಸಿದ ನೀರಿನ ಹಾಗೆ ಮಬ್ಬಾಗಿರುತ್ತವೆ.

ಇದೇ ಕಲ್ಲಿಗೆ ಸ್ಟ್ರಾಂಗ್ ಬ್ಲೂ ಫ್ಲೋರೆಸೆನ್ಸ್ ಕೂಡ ಇದೆ. ಇದರ ಬಗ್ಗೆ ಹೆದರಿಸುವ ಮಾತು ಜಾಸ್ತಿ, ತಿಳಿಸುವ ಮಾತು ಕಡಿಮೆ. ಅತಿನೇರಳೆ ಬೆಳಕು ಬಿದ್ದಾಗ ಕಲ್ಲು ತಾನೇ ನೀಲಿಯಾಗಿ ಹೊಳೆಯುವ ಗುಣ ಇದು. ನೂರಕ್ಕೆ ಇಪ್ಪತ್ತೈದರಿಂದ ಮೂವತ್ತೈದು ವಜ್ರಗಳಲ್ಲಿ ಒಂದಲ್ಲ ಒಂದು ಮಟ್ಟಕ್ಕೆ ಇರುತ್ತದೆ. ವಜ್ರ ಬೆಳೆಯುವಾಗ ಒಳಗೆ ಸೇರಿಕೊಂಡ ನೈಟ್ರೋಜನ್ ಪರಮಾಣುಗಳ ಒಂದು ಜೋಡಣೆ ಇದಕ್ಕೆ ಕಾರಣ. ಅದು ದೋಷ ಅಲ್ಲ. ಜಿಐಎ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಮಾನ್ಯ ಜನ ಬರಿಗಣ್ಣಿನಿಂದ ನೋಡಿ ನೀಲಿ ಫ್ಲೋರೆಸೆನ್ಸ್‌ನ ಪರಿಣಾಮ ಗುರುತಿಸಲಾಗಲಿಲ್ಲ. ಬಣ್ಣ ಸ್ವಲ್ಪ ಕೆಳಗಿನ ಕಲ್ಲುಗಳಲ್ಲಿ ಅದು ಹಳದಿ ಛಾಯೆಯನ್ನು ತಗ್ಗಿಸಿ ಒಳ್ಳೆಯದೇ ಮಾಡಬಹುದು. ಹಾಗಿದ್ದೂ ಮಾರುಕಟ್ಟೆ ಇಂಥ ಕಲ್ಲಿಗೆ, ಅದರಲ್ಲೂ ಬಣ್ಣ ಮೇಲಿದ್ದರೆ, ಕಡಿಮೆ ಬೆಲೆ ಕೊಡುತ್ತದೆ. ಮಬ್ಬು ಕಾಣುವುದು ತೀರಾ ಕೆಲವೇ ಕಲ್ಲುಗಳಲ್ಲಿ. ನಿಮ್ಮ ಮೊದಲ ಕಲ್ಲಿನಲ್ಲಿ ಕ್ಲೌಡ್ ಷರಾ ಮತ್ತು ಸ್ಟ್ರಾಂಗ್ ಬ್ಲೂ ಎರಡೂ ಒಟ್ಟಿಗೆ ಇರುವುದರಿಂದ ಬಿಸಿಲಿನಲ್ಲಿ ಹಿಡಿದು ನೋಡಿ ಅಂತ ಹೇಳ್ತಿದ್ದೀನಿ. ಬಿಸಿಲಿನಲ್ಲಿ ಅತಿನೇರಳೆ ಇರುತ್ತದೆ. ಮಬ್ಬು ಇದ್ದರೆ ಅಲ್ಲಿ ಕಾಣುತ್ತದೆ.

ಸ್ನೇಹಿತರು ತೋರಿಸಿದ 1.50 ಕ್ಯಾರೆಟ್ ಕಲ್ಲಿಗೆ ಬರೋಣ. ಬಣ್ಣ, ಸ್ವಚ್ಛತೆ ಎರಡರಲ್ಲೂ ಮೇಲಿನ ಗ್ರೇಡ್ ಇದ್ದು ಬೆಲೆ ಕಡಿಮೆ ಅಂದ ಮಾತ್ರಕ್ಕೆ ಅದು ನಕಲಿ ಸರ್ಟಿಫಿಕೇಟ್ ಇರಬೇಕಿಲ್ಲ. ನೀವು ಕಳಿಸಿದ ಫೋಟೋದಲ್ಲೇ ಶೀರ್ಷಿಕೆಯ ಕೆಳಗೆ ಲ್ಯಾಬೊರೇಟರಿ ಗ್ರೋನ್ ಅಂತ ಇದೆ, ಷರಾದಲ್ಲಿ ಸಿವಿಡಿ ಅಂತ ಇದೆ. ಅಂದರೆ ನೆಲದಡಿಯಲ್ಲಿ ಅಲ್ಲ, ಯಂತ್ರದಲ್ಲಿ ಬೆಳೆಸಿದ ವಜ್ರ. ಸಿವಿಡಿಯಲ್ಲಿ ಇಂಗಾಲ ಇರುವ ಅನಿಲದಿಂದ ಪದರ ಪದರವಾಗಿ ಬೆಳೆಸುತ್ತಾರೆ. ಎಚ್‌ಪಿಎಚ್‌ಟಿ ಅಂತ ಇನ್ನೊಂದು ವಿಧಾನ ಇದೆ, ಅದರಲ್ಲಿ ಭಾರೀ ಒತ್ತಡ ಮತ್ತು ಶಾಖ ಬಳಸುತ್ತಾರೆ. ಎರಡೂ ನಿಜವಾದ ವಜ್ರವೇ. ಗಾಜಲ್ಲ, ಜಿರ್ಕೋನಿಯಾ ಅಲ್ಲ. ಹಾಗಾಗಿ ಶಾಖ ಅಳೆಯುವ ಪೆನ್ನಿನಂಥ ಟೆಸ್ಟರ್ ಮುಟ್ಟಿಸಿದರೆ ಇದಕ್ಕೂ ವಜ್ರ ಅಂತಲೇ ತೋರಿಸುತ್ತದೆ. ನೆಲದ್ದೋ ಯಂತ್ರದ್ದೋ ಅಂತ ಬರಿಗಣ್ಣಿನಲ್ಲಿ ನನಗೂ ಹೇಳಲಾಗುವುದಿಲ್ಲ. ಅದಕ್ಕೆ ಲ್ಯಾಬಿನ ಉಪಕರಣ ಬೇಕು.

ಹೊಳಪಿಗಾಗಿ, ಗಾತ್ರಕ್ಕಾಗಿ ತೆಗೆದುಕೊಳ್ಳುವವರಿಗೆ ಇದು ಒಳ್ಳೆಯ ಆಯ್ಕೆ. ಅಪಾಯ ಬೇರೆ ಕಡೆ ಇದೆ. ಬೇಕಾದಷ್ಟು ಬೆಳೆಸಬಹುದಾದ್ದರಿಂದ ಇವುಗಳ ಬೆಲೆ ಕೆಲವು ವರ್ಷಗಳಲ್ಲಿ ಬಹಳ ಇಳಿದಿದೆ. ಮುಂದೆ ಮಾರುವ ಯೋಚನೆ ಇದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇನ್ನೊಂದು ಮಾತು: ಡಿ, ವಿವಿಎಸ್1 ಅಂತ ಇಲ್ಲಿ ಬರೆದದ್ದನ್ನು ನೆಲದ ವಜ್ರದ ಡಿ, ವಿವಿಎಸ್1 ಜೊತೆ ಹೋಲಿಸಬೇಡಿ. ಅಲ್ಲಿ ಅದು ಅಪರೂಪ, ಇಲ್ಲಿ ಮಾಮೂಲಿ. ಇದೇ ಕಾರಣಕ್ಕೆ ಜಿಐಎ 2025ರಲ್ಲಿ ಬೆಳೆಸಿದ ವಜ್ರಗಳಿಗೆ ಈ ಅಕ್ಷರಗಳ ಗ್ರೇಡ್ ಕೊಡುವುದನ್ನೇ ಬಿಟ್ಟು, ಪ್ರೀಮಿಯಂ, ಸ್ಟ್ಯಾಂಡರ್ಡ್ ಅನ್ನುವ ಎರಡೇ ವರ್ಗ ಇಟ್ಟುಕೊಳ್ಳುವ ನಿರ್ಧಾರ ಮಾಡಿತು.

ರಿಪೋರ್ಟ್ ಅಸಲಿಯೋ ಅಂತ ನೋಡುವುದು ಸುಲಭ. ಲ್ಯಾಬಿನ ವೆಬ್‌ಸೈಟಿಗೆ ನೀವೇ ಹೋಗಿ ನಂಬರ್ ಹಾಕಿ. ಹಾಳೆಯ ಮೇಲಿನ ಕ್ಯೂಆರ್ ಕೋಡ್ ಮೇಲೆ ಮಾತ್ರ ಭರವಸೆ ಇಡಬೇಡಿ, ಅದು ಯಾವುದೋ ಬೇರೆ ಪುಟಕ್ಕೆ ಕರೆದೊಯ್ಯಬಹುದು. ಕಷ್ಟದ ಕೆಲಸ ಅದರ ಮುಂದಿನದು: ಈ ಅಸಲಿ ರಿಪೋರ್ಟ್ ಈ ಕಲ್ಲಿನದ್ದೇನಾ?

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಉಂಗುರ ಮತ್ತು ರಿಪೋರ್ಟ್ ತಂದಿದ್ದರು. ಕಲ್ಲು ಸ್ವಲ್ಪ ಅಲುಗಾಡುತ್ತಿದೆ, ನೋಡಿ ಅಂದರು. ರಿಪೋರ್ಟಿನ ನಕ್ಷೆಯಲ್ಲಿ ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ ಒಂದು ಫೆದರ್, ಅಂದರೆ ಗರಿಯಂಥ ಬಿರುಕು ಇತ್ತು. ಲೂಪಿನಲ್ಲಿ ನೋಡಿದೆ, ನಾಲ್ಕರಲ್ಲಿ ಏನೂ ಇಲ್ಲ. ಕಲ್ಲು ತಿರುಗಿ ಕೂತಿರಬಹುದು ಅಂತ ಸುತ್ತ ಹುಡುಕಿದೆ. ಎಲ್ಲೂ ಇಲ್ಲ. ಬದಲಿಗೆ ಟೇಬಲ್, ಅಂದರೆ ಕಲ್ಲಿನ ಮೇಲಿನ ಚಪ್ಪಟೆ ಮುಖ, ಅದರ ಅಡಿ ನಕ್ಷೆಯಲ್ಲಿ ಇಲ್ಲದ ಒಂದು ಕಪ್ಪು ಹರಳು. ಕಲ್ಲು ಬಿಚ್ಚಿಸಿ ತೂಗಿದಾಗ ಎರಡನೇ ದಶಮಾಂಶದಲ್ಲಿ ವ್ಯತ್ಯಾಸ. ಒಂದೇ ಗಾತ್ರದ ಹಲವು ಕಲ್ಲು ಕೂರಿಸುವ ಕಡೆ ಅದಲುಬದಲಾಗಿತ್ತು ಅಂತ ಆಮೇಲೆ ತಿಳಿಯಿತು. ಬೇಕಂತ ಮಾಡಿದ್ದಲ್ಲ. ಆದರೂ ಅವರು ಅಷ್ಟು ವರ್ಷ ಬೇರೆ ಯಾರದೋ ಕಲ್ಲು ಹಾಕಿಕೊಂಡು ಓಡಾಡಿದ್ದರು. ಆವತ್ತಿನ ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ಹಾಗಾಗಿ ಕಲ್ಲನ್ನು ಉಂಗುರಕ್ಕೆ ಕೂರಿಸುವ ಮೊದಲು ಬಿಡಿಯಾಗಿ ನೋಡಿ. ಮಾರುವವರ ಹತ್ತಿರ ಲೂಪ್ ಕೇಳಿ. ಕಲ್ಲನ್ನು ಚಿಮಟದಲ್ಲಿ ಅಡ್ಡ ಹಿಡಿದು ನಿಧಾನ ತಿರುಗಿಸಿದರೆ ಗರ್ಡಲ್ ಮೇಲೆ ಲೇಸರಿನಲ್ಲಿ ಕೆತ್ತಿದ ನಂಬರ್ ಕೂದಲೆಳೆಯ ಹಾಗೆ ಕಾಣುತ್ತದೆ. ಮೊದಲ ಸಲಕ್ಕೆ ಸಿಗುವುದಿಲ್ಲ, ಬೆಳಕನ್ನು ಓರೆ ಮಾಡಬೇಕು. ಅದು ರಿಪೋರ್ಟಿನ ನಂಬರಿಗೆ ಹೊಂದಬೇಕು. ಆದರೆ ನಂಬರ್ ಒಂದೇ ಸಾಕಾಗದು. ಬೆಳೆಸಿದ ವಜ್ರದ ಮೇಲೆ ನೆಲದ ವಜ್ರದ ನಂಬರ್ ಕೆತ್ತಿದ ಪ್ರಕರಣಗಳು ಲ್ಯಾಬುಗಳ ಕೈಗೇ ಸಿಕ್ಕಿವೆ. ಆದ್ದರಿಂದ ನಿಮ್ಮ ಎದುರೇ ತೂಕ ಹಾಕಿಸಿ, ಅಗಲ ಅಳೆಸಿ, ನಕ್ಷೆಯಲ್ಲಿರುವ ಒಂದೆರಡು ಗುರುತನ್ನಾದರೂ ಕಲ್ಲಿನಲ್ಲಿ ತೋರಿಸಿ ಅಂತ ಕೇಳಿ. ಇಲ್ಲಿ ನಿಮ್ಮ ಎರಡನೆಯ ಕಲ್ಲಿನ ಏಳೆಂಟು ಗುರುತುಗಳು ಉಪಕಾರಕ್ಕೆ ಬರುತ್ತವೆ. ಗುರುತು ಹಿಡಿಯಲು ಸುಲಭ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಎರಡನೆಯದರ ಕಡೆಯೇ ವಾಲುತ್ತಿದ್ದೆ. ಅದೇ ಅಗಲ, ಉತ್ತಮ ಕಟ್, ಮಬ್ಬಿನ ಅನುಮಾನ ಇಲ್ಲ. ಅದರ ತೊಂದರೆ ಒಂದೇ. 0.91 ಅಂತ ಹೇಳುವಾಗ ಕೆಲವರಿಗೆ ಮನಸ್ಸಿಗೆ ಸಮಾಧಾನ ಆಗುವುದಿಲ್ಲ, ಮುಂದೆ ಮಾರುವಾಗಲೂ "ಒಂದು ಕ್ಯಾರೆಟ್" ಅನ್ನುವ ಮಾತಿನ ತೂಕ ಸಿಗುವುದಿಲ್ಲ. ಮೊದಲನೆಯದು ಬಿಸಿಲಿನಲ್ಲೂ ತಿಳಿಯಾಗಿ ಕಂಡು, ಕಿಟಕಿಯ ಪಕ್ಕದಲ್ಲೂ ಚೆನ್ನಾಗಿ ಹೊಳೆದು, ನಿಮಗೆ ಅದೇ ಇಷ್ಟವಾದರೆ ತೆಗೆದುಕೊಳ್ಳಬಹುದು. ಆಗ ಬೆಲೆ ಇಳಿಸಲು ಕೇಳಿ. ಆಳ, ಗರ್ಡಲ್, ಷರಾ, ಫ್ಲೋರೆಸೆನ್ಸ್ ನಾಲ್ಕನ್ನೂ ತೋರಿಸಿ ಕೇಳಿ, ಸಂಕೋಚ ಬೇಡ. ಎರಡರಲ್ಲೂ ಸಮಾಧಾನ ಆಗದಿದ್ದರೆ, ಮಾರಾಟಕ್ಕೆ ಸಂಬಂಧ ಇಲ್ಲದ ರತ್ನ ಪರೀಕ್ಷಕರಿಗೆ ತೋರಿಸುತ್ತೇನೆ, ಅವರು ಸರಿ ಅಂದರೆ ಮಾತ್ರ ವ್ಯವಹಾರ ಅಂತ ಲಿಖಿತದಲ್ಲಿ ಮಾಡಿಕೊಳ್ಳಿ. ಮೊದಲ ಕಲ್ಲನ್ನು ಎರಡನೆಯದರ ಲ್ಯಾಬಿಗೇ ಮತ್ತೆ ಕಳಿಸುವ ದಾರಿಯೂ ಇದೆ. ಸಮಯ ಹಿಡಿಯುತ್ತದೆ, ಖರ್ಚು ಇದೆ, ಗ್ರೇಡ್ ಇಳಿದರೆ ಮಾರುವವರಿಗೆ ಬೇಸರವಾಗುತ್ತದೆ. ಕಳಿಸಲು ಅವರು ಒಪ್ಪುತ್ತಾರೋ ಇಲ್ಲವೋ ಅನ್ನುವುದರಿಂದಲೂ ನಿಮಗೆ ಒಂದಿಷ್ಟು ತಿಳಿಯುತ್ತದೆ.

ರಿಪೋರ್ಟಿನ ದಿನಾಂಕವನ್ನೂ ನೋಡಿಕೊಳ್ಳಿ. ವಜ್ರ ಗಟ್ಟಿ, ಆದರೆ ಪೆಟ್ಟು ಬಿದ್ದರೆ ಅಂಚು ಚಕ್ಕೆ ಏಳುತ್ತದೆ. ಹತ್ತು ವರ್ಷ ಹಳೆಯ ರಿಪೋರ್ಟ್ ಆ ಚಕ್ಕೆಯ ಬಗ್ಗೆ ಏನೂ ಹೇಳುವುದಿಲ್ಲ.

ಕೊನೆಗೆ ಲ್ಯಾಮಿನೇಟ್ ಪ್ರಶ್ನೆ. ಮಾಡಿಸಬೇಡಿ. ಹೊಲೊಗ್ರಾಂ, ಸೂಕ್ಷ್ಮ ಅಕ್ಷರ ಇಂಥವನ್ನು ಪರೀಕ್ಷಿಸಲು ಕಷ್ಟವಾಗುತ್ತದೆ, ಶಾಖಕ್ಕೆ ಹಾಳೆಯೂ ಹಾಳಾಗಬಹುದು. ಒಂದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಗೇ ಇಡಿ. ಮೊಬೈಲಿನಲ್ಲಿ ಎರಡೂ ಕಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ಉಂಗುರ ಇಡುವ ಪೆಟ್ಟಿಗೆಯಲ್ಲೇ ರಿಪೋರ್ಟ್ ಇಡಬೇಡಿ, ಕಳೆದುಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮತ್ತೆ, ಉಂಗುರ ರಿಪೇರಿಗೆ ಕೊಡುವಾಗಲೆಲ್ಲ ಕೊಡುವ ಮುಂಚೆ ಒಮ್ಮೆ, ವಾಪಸ್ ತೆಗೆದುಕೊಳ್ಳುವಾಗ ಒಮ್ಮೆ, ಗರ್ಡಲ್ ಮೇಲಿನ ಆ ನಂಬರನ್ನು ಲೂಪಿನಲ್ಲಿ ನೋಡಿ. ಕೂರಿಸುವಾಗಲೇ ಹೇಳಿದರೆ ನಂಬರ್ ಕೆತ್ತಿದ ಜಾಗ ಬಿಟ್ಟು, ಕಲ್ಲನ್ನು ಹಿಡಿದಿಡುವ ಲೋಹದ ಹಲ್ಲುಗಳನ್ನು ಹಾಕಿಕೊಡುತ್ತಾರೆ.